ಹಳೇ ಪಿ4 ಕಂಪ್ಯೂಟರ್ ಟಿವಿಗೆ ಹಾಕಿದರೆ ಲೋಗೋ ಬಂದು ಕಪ್ಪಾಗುತ್ತದೆ, ಗೇಮ್ ಆಡೋದು ಹೇಗೆ?

ಸಿಂಧನೂರಿನವ

ನಮಸ್ಕಾರ. ಅಟ್ಟದ ಮೇಲೆ ಒಂದು ಪೆಂಟಿಯಂ 4 ಡಬ್ಬ ಇತ್ತು. 512 ಎಂಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ಅದರ ದಪ್ಪನೆ ಮಾನಿಟರ್ ಯಾವತ್ತೋ ಕೆಟ್ಟು ಗುಜರಿಗೆ ಹೋಯಿತು. ರಜೆಗೆ ಅಕ್ಕನ ಮಕ್ಕಳು ಬಂದಿದ್ದಾರೆ, ಮಾಮಾ ನೀನು ಚಿಕ್ಕವನಿದ್ದಾಗ ಯಾವ ಗೇಮ್ ಆಡ್ತಿದ್ದೆ ಅಂತ ಒಂದೇ ಸಮ ಕೇಳಿದರು, ಸರಿ ತೋರಿಸೋಣ ಅಂತ ಡಬ್ಬ ಇಳಿಸಿ ಧೂಳು ಜಾಡಿಸಿ ಹಾಲ್‌ನಲ್ಲಿರೋ 32 ಇಂಚಿನ ಎಲ್‌ಸಿಡಿ ಟಿವಿಗೆ ನೀಲಿ ಪಿನ್ನಿನ ವಿಜಿಎ ಕೇಬಲ್ ಹಾಕಿದೆ. ಎಕ್ಸ್‌ಪಿ ಲೋಗೋ ಚೆನ್ನಾಗೇ ಬರುತ್ತದೆ. ಆಮೇಲೆ ಡೆಸ್ಕ್‌ಟಾಪ್ ಬರಬೇಕಾದ ಹೊತ್ತಿಗೆ ಟಿವಿ "ಮೋಡ್ ನಾಟ್ ಸಪೋರ್ಟೆಡ್" ಅಂತ ಬರೆದು ಕಪ್ಪಾಗಿಬಿಡುತ್ತದೆ. ಒಳಗೆ ವಿಂಡೋಸ್ ಶುರುವಾಗಿರುತ್ತದೆ, ಸ್ಪೀಕರ್‌ನಲ್ಲಿ ಆ ಟ್ಯೂನ್ ಕೇಳುತ್ತದೆ.

ಊರಿನ ಒಂದು ಅಂಗಡಿಯಲ್ಲಿ ಕೇಳಿದೆ. ಗ್ರಾಫಿಕ್ಸ್ ಹೋಗಿದೆ, ಇದನ್ನ ತೂಕಕ್ಕೆ ಹಾಕಿ ಅಂದರು. ನನಗೆ ನಂಬಿಕೆ ಬರುತ್ತಿಲ್ಲ.

ಇನ್ನೊಂದು ವಿಷಯ. ಮಾಳಿಗೆ ಮೇಲಿನ ರೂಮಲ್ಲಿ ಹಳೇ ಪಿಕ್ಚರ್ ಟ್ಯೂಬ್ ಟಿವಿಯೂ ಇದೆ, ಹಳದಿ ಬಿಳಿ ಕೆಂಪು ಪಿನ್ನಿಂದು. ಆನ್‌ಲೈನಲ್ಲಿ ವಿಜಿಎಯಿಂದ ಆ ಮೂರು ಪಿನ್ನಿಗೆ ಬರೋ ಕೇಬಲ್ ಅಗ್ಗಕ್ಕೆ ಸಿಗುತ್ತಿದೆ. ತರಿಸಲಾ? ಆಡಬೇಕಾಗಿರೋದು ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್, ಆಮೇಲೆ ವೈಸ್ ಸಿಟಿ. ಇಷ್ಟೇ.

ಬಿಸಿಲೂರು

ಇದೆಲ್ಲ ಯಾಕ್ರೀ? ಲ್ಯಾಪ್‌ಟಾಪ್ ಇದ್ದರೆ ಎಚ್‌ಡಿಎಂಐ ಹಾಕಿ ಆಡಿ. ಡೇವ್ ಅಂತೂ ಬ್ರೌಸರ್‌ನಲ್ಲೇ ಬರುತ್ತದೆ. ಕರೆಂಟ್ ದಂಡ.

ಬಳ್ಳಾರಿ_ಕೋಟೆ

ಬಿಸಿಲೂರು ಅಣ್ಣ ಹೇಳಿದ್ದು ತಪ್ಪಲ್ಲ, ಆದರೆ ಅವರು ಕೇಳಿದ್ದು ಅದಲ್ಲ ಅಲ್ವಾ.

ಸಿಂಧನೂರು ಅಣ್ಣಾ, ಗ್ರಾಫಿಕ್ಸ್ ಹೋಗಿದ್ದರೆ ಲೋಗೋನೂ ಬರುತ್ತಿರಲಿಲ್ಲ. ನಿಮ್ಮ ಡಬ್ಬ ಗಟ್ಟಿಯಾಗಿದೆ. ಆಗಿರೋದು ಏನಂದ್ರೆ, ಎಕ್ಸ್‌ಪಿ ಇನ್ನೂ ಆ ಹಳೇ ಮಾನಿಟರ್ ಇದೆ ಅಂತಲೇ ಅಂದುಕೊಂಡಿದೆ. ಟ್ಯೂಬ್ ಮಾನಿಟರ್ ಕಾಲದಲ್ಲಿ ಕಣ್ಣು ನೋಯಬಾರದು ಅಂತ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನ ಹೊಸದಾಗಿ ಬಿಡಿಸುತ್ತದೆ ಅನ್ನೋ ಲೆಕ್ಕ) 75 ಇಲ್ಲ 85 ಹರ್ಟ್ಸ್‌ಗೆ ಇಡುತ್ತಿದ್ದರು, 60ರಲ್ಲಿ ಪರದೆ ಮಿಣಮಿಣ ಅನ್ನುತ್ತಿತ್ತು. ಎಲ್‌ಸಿಡಿ ಟಿವಿಗಳ ವಿಜಿಎ ಬಾಯಿ ಸಾಮಾನ್ಯವಾಗಿ 60 ಹರ್ಟ್ಸ್ ಮಾತ್ರ ಸರಿಯಾಗಿ ತಗೊಳ್ಳುತ್ತದೆ. ಲೋಗೋ ಬರೋದು 640x480, 60 ಹರ್ಟ್ಸ್‌ನಲ್ಲಿ, ಅದಕ್ಕೇ ಅದು ಕಾಣುತ್ತದೆ. ಡೆಸ್ಕ್‌ಟಾಪ್ 85ಕ್ಕೆ ಹಾರಿದ ತಕ್ಷಣ ಟಿವಿ ಕೈ ಎತ್ತುತ್ತದೆ.

ಕಂಪ್ಯೂಟರ್ ಆನ್ ಮಾಡಿ ಲೋಗೋ ಬರೋ ಮೊದಲೇ ಎಫ್8 ಒತ್ತುತ್ತಾ ಇರಿ. ಒಂದು ಮೆನು ಬರುತ್ತದೆ, ಅದರಲ್ಲಿ "ಎನೇಬಲ್ ವಿಜಿಎ ಮೋಡ್" ಅಂತಿದೆ. ಸೇಫ್ ಮೋಡ್ ಬೇಡ, ಇದೇ ಬೇಕು. ದೊಡ್ಡ ದೊಡ್ಡ ಐಕಾನ್ ಇರೋ ಡೆಸ್ಕ್‌ಟಾಪ್ ಬರುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಟ್ಟಿಂಗ್ಸ್. ಮೊದಲು 1024x768 ಮಾಡಿ, ಆಮೇಲೆ ಅಡ್ವಾನ್ಸ್ಡ್ ಒಳಗೆ ಮಾನಿಟರ್ ಅನ್ನೋ ಟ್ಯಾಬಲ್ಲಿ 60 ಹರ್ಟ್ಸ್ ಆರಿಸಿ, ರೀಸ್ಟಾರ್ಟ್ ಮಾಡಿ. ಟಿವಿ 1366x768 ಪ್ಯಾನೆಲ್ ಆಗಿದ್ದರೆ, ಡ್ರೈವರ್ ಕೊಟ್ಟರೆ, 1360x768 ಕೂಡ ಇಡಬಹುದು. ಮದರ್‌ಬೋರ್ಡ್ ಒಳಗಿನ ಹಳೇ ಗ್ರಾಫಿಕ್ಸ್ ಬಹಳ ಸಲ ಅದನ್ನ ತೋರಿಸಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಈ ಗೇಮ್‌ಗಳಿಗೆ 1024 ಜಾಸ್ತಿನೇ ಆಯಿತು.

ಒಂದು ತಮಾಷೆ ಕೇಳಿ. ಎಕ್ಸ್‌ಪಿಯಲ್ಲಿ ಡೆಸ್ಕ್‌ಟಾಪ್ ಎಷ್ಟೇ ಹರ್ಟ್ಸ್ ಇರಲಿ, ಗೇಮ್ ಫುಲ್ ಸ್ಕ್ರೀನ್ ಆದಾಗ ಬಹುತೇಕ 60ಕ್ಕೇ ಇಳಿಯುತ್ತಿತ್ತು. ಆಗ ಎಲ್ಲರೂ ಅದನ್ನ ಬೈದು, ಸರಿ ಮಾಡೋಕೆ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಿದ್ದರು. ನಿಮ್ಮ ಕಂಪ್ಯೂಟರಲ್ಲಿ ಅಂಥದ್ದೇನಾದರೂ ಇದ್ದರೆ ತೆಗೆದುಬಿಡಿ. ಈಗ ನಮಗೆ ಬೇಕಾಗಿರೋದೇ ಆ 60.

ತೀನ್_ಕಂದೀಲ್

ಆ ಅಗ್ಗದ ಕೇಬಲ್ ತರಿಸಬೇಡಿ. ಅದರೊಳಗೆ ಬರೀ ತಂತಿ ಇರುತ್ತದೆ. ವಿಜಿಎ ಸೆಕೆಂಡಿಗೆ ಸುಮಾರು 31,500 ಗೆರೆ ಎಳೆಯುತ್ತದೆ, ನಮ್ಮ ದೇಶದ ಹಳೇ ಟಿವಿ ಪದ್ಧತಿಯಾದ ಪಾಲ್‌ನ ಟಿವಿ ಎಳೆಯೋದು 15,625. ತಂತಿ ಜೋಡಿಸಿದರೆ ಈ ಲೆಕ್ಕ ಸರಿಹೋಗುತ್ತದಾ? ಬಣ್ಣವೂ ಅಷ್ಟೇ, ವಿಜಿಎಯಲ್ಲಿ ಕೆಂಪು ಹಸಿರು ನೀಲಿ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ, ಹಳದಿ ಪಿನ್ನಲ್ಲಿ ಎಲ್ಲಾ ಒಂದೇ ತಂತಿಯಲ್ಲಿ ಕಲಸಿ ಹೋಗಬೇಕು. ಅದಕ್ಕೆ ಒಳಗೆ ಚಿಪ್ ಇರೋ ಕನ್ವರ್ಟರ್ ಡಬ್ಬಿ ಬೇಕು. ಯುಎಸ್‌ಬಿ ಕರೆಂಟ್ ಕೇಳಿದರೆ ಅದು ಡಬ್ಬಿ, ಕೇಳದಿದ್ದರೆ ಬರೀ ತಂತಿ.

ದುಡ್ಡು ಹಾಕೋ ಮೊದಲು ಸಿಪಿಯು ಹಿಂದೆ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದು, ಅದರಲ್ಲಿ ಸಣ್ಣ ಸಣ್ಣ ತೂತಿನ ದುಂಡನೆ ಬಾಯಿ ಇದ್ದರೆ ಅದು ಎಸ್-ವಿಡಿಯೋ. ಜಿಫೋರ್ಸ್ 4 ಎಂಎಕ್ಸ್ 440, ಎಫ್‌ಎಕ್ಸ್ 5200 ಕಾಲದ ಕಾರ್ಡುಗಳಲ್ಲಿ ಎಷ್ಟೋ ಕಡೆ ಇರುತ್ತಿತ್ತು. ಹೊಂದುವ ಅಡಾಪ್ಟರ್ ಸಿಕ್ಕರೆ ಅಲ್ಲಿಂದ ಹಳದಿ ಪಿನ್ನಿಗೆ ಹೋಗಬಹುದು. ಸೆಟ್ಟಿಂಗಲ್ಲಿ ಟಿವಿ ಫಾರ್ಮ್ಯಾಟ್ ಪಾಲ್-ಬಿ ಮಾಡಿ. ಅಮೆರಿಕದ ಪದ್ಧತಿ ಎನ್‌ಟಿಎಸ್‌ಸಿ ಇದ್ದರೆ ಕಪ್ಪು ಬಿಳುಪು ಬರುತ್ತದೆ, ಇಲ್ಲವೇ ಚಿತ್ರ ಉರುಳುತ್ತದೆ.

ಡೆಸ್ಕ್‌ಟಾಪ್ ಅಕ್ಷರ ಆ ಟಿವಿಯಲ್ಲಿ ಓದೋಕೆ ಆಗಲ್ಲ. ಆದರೆ ಪ್ರಿನ್ಸ್ ಚೆನ್ನಾಗಿ ಕಾಣುತ್ತಾನೆ. ನನ್ನ ಪ್ರಕಾರ ಎಲ್‌ಸಿಡಿಗಿಂತ ಚೆನ್ನಾಗಿ.

ಸಿಂಧನೂರಿನವ

ಬಳ್ಳಾರಿ ಅಣ್ಣಾ, ಎಫ್8 ಕೆಲಸ ಮಾಡಿತು! 85 ಹರ್ಟ್ಸೇ ಇತ್ತು. ಈಗ 1024x768 ಬಂದಿದೆ, ವೈಸ್ ಸಿಟಿ ಓಡುತ್ತಿದೆ, ಮಕ್ಕಳು ರಿಮೋಟ್ ಮುಟ್ಟೋಕೂ ಬಿಡುತ್ತಿಲ್ಲ. ತೀನ್ ಕಂದೀಲ್ ಸರ್, ಹಿಂದೆ ದುಂಡನೆ ಬಾಯಿ ಇಲ್ಲ, ಆನ್‌ಬೋರ್ಡ್ ಗ್ರಾಫಿಕ್ಸೇ. ಟ್ಯೂಬ್ ಟಿವಿ ಸದ್ಯಕ್ಕೆ ಬಿಟ್ಟೆ.

ಆದರೆ ಡೇವ್ ಹಾಕಿದರೆ ಮತ್ತೆ ಅದೇ ಕಪ್ಪು. ರೋಡ್ ರ‍್ಯಾಶ್ ಬರುತ್ತದೆ, ಬೈಕೆಲ್ಲ ಅಡ್ಡಕ್ಕೆ ಊದಿಕೊಂಡಿವೆ.

ಬಳ್ಳಾರಿ_ಕೋಟೆ

ಊದಿಕೊಂಡಿರೋದು ಟಿವಿ ರಿಮೋಟ್‌ನಲ್ಲೇ ಸರಿಯಾಗುತ್ತದೆ. ಪಿಕ್ಚರ್ ಸೈಜ್ 16:9 ಇರುತ್ತದೆ, 4:3 ಮಾಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ, ಗೇಮ್ ಮಾಡಿದವರು ಆ ಅಳತೆಗೇ ಮಾಡಿದ್ದು.

ಡೇವ್, ಪ್ರಿನ್ಸ್ ಎರಡೂ ಡಾಸ್ ಗೇಮ್‌ಗಳು, ಅಂದ್ರೆ ವಿಂಡೋಸ್‌ಗಿಂತ ಹಳೇ ಡಾಸ್ ಸಿಸ್ಟಮ್‌ಗೆ ಮಾಡಿದ್ದು. ಇವು 320x200ಕ್ಕೆ ಹೋಗುತ್ತವೆ, ಆ ಮೋಡ್ ವಿಜಿಎಯಲ್ಲಿ 70 ಹರ್ಟ್ಸ್. ಇದು ಹಾರ್ಡ್‌ವೇರ್‌ನಲ್ಲೇ ಕೂತಿರೋ ಲೆಕ್ಕ, ಎಕ್ಸ್‌ಪಿ ಸೆಟ್ಟಿಂಗ್ ಬದಲಾಯಿಸಿದರೆ ಏನೂ ಆಗಲ್ಲ. ಕೆಲವು ಟಿವಿ 70 ತಗೊಳ್ಳುತ್ತವೆ, ನಿಮ್ಮದು ತಗೊಳ್ಳಲ್ಲ. ಸೇಫಾಗಿ ಡಾಸ್‌ಬಾಕ್ಸ್ 0.74 ಹಾಕಿಬಿಡಿ. ಪುಕ್ಕಟೆ. ಅದು ಗೇಮ್‌ಗೆ ತಾನೇ ಒಂದು ಹಳೇ ಕಂಪ್ಯೂಟರ್ ಥರ ನಟಿಸಿ, ಚಿತ್ರವನ್ನ ನಿಮ್ಮ ಡೆಸ್ಕ್‌ಟಾಪ್ ಅಳತೆಗೆ ಹಿಗ್ಗಿಸಿ 60ರಲ್ಲೇ ಕಳಿಸುತ್ತದೆ. ಅದರ ಕಾನ್ಫಿಗ್ ಫೈಲಲ್ಲಿ ಫುಲ್‌ರೆಸಲ್ಯೂಶನ್ ಅಂತಿರೋ ಕಡೆ 1024x768, ಔಟ್‌ಪುಟ್ ಕಡೆ ಡಿಡ್ರಾ (ddraw), ಆಸ್ಪೆಕ್ಟ್ ಕಡೆ ಟ್ರೂ. ಓಪನ್‌ಜಿಎಲ್ ಹಾಕಬೇಡಿ, ಆನ್‌ಬೋರ್ಡ್ ಗ್ರಾಫಿಕ್ಸ್‌ಗೆ ಭಾರ. ಆಸ್ಪೆಕ್ಟ್ ಬಿಟ್ಟರೆ ಪ್ರಿನ್ಸ್ ಕುಳ್ಳ ಆಗುತ್ತಾನೆ.

ಡೇವ್ ನಿಧಾನ ಅನಿಸಿದರೆ ಕಂಟ್ರೋಲ್ ಎಫ್12, ತೀರಾ ಓಡಿದರೆ ಕಂಟ್ರೋಲ್ ಎಫ್11. ಪಿ4ಗೆ ಇವೆರಡು ಗೇಮ್ ಏನೂ ಲೆಕ್ಕಕ್ಕಿಲ್ಲ. ಮುಂದೆ ಡೂಮ್ ಆಡೋ ಮನಸ್ಸಾದರೆ ಮಾತ್ರ ಡಾಸ್‌ಬಾಕ್ಸ್ ಮೇಲೆ ಬೀಳಬೇಡಿ. ಅದರ ಸೋರ್ಸ್ ಕೋಡ್ 1997ರಲ್ಲೇ ಎಲ್ಲರಿಗೂ ಬಿಟ್ಟಿದ್ದಾರೆ, ನೇರವಾಗಿ ವಿಂಡೋಸ್‌ನಲ್ಲೇ ಓಡೋ ಡೂಮ್‌ಗಳು ಸಿಗುತ್ತವೆ.

ಗಂಗಾವತಿ_ಗೇಮರ್

ಒಳ್ಳೆ ಚರ್ಚೆ. ಎರಡು ಮಾತು ಸೇರಿಸುತ್ತೇನೆ. ಇಷ್ಟು ವರ್ಷ ಅಟ್ಟದ ಮೇಲಿದ್ದ ಮಷೀನು, ನಮ್ಮ ಕಡೆ ಬೇಸಿಗೆ ಬೇರೆ, ಹಗಲೆಲ್ಲಾ ಓಡಿಸೋ ಮೊದಲು ಸೈಡ್ ಬಾಗಿಲು ತೆಗೆದು ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡಿ. ಪ್ರೊಸೆಸರ್ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಧೂಳು ಕಟ್ಟಿರುತ್ತದೆ, ಬ್ರಶ್ ಹಾಕಿ. ಪ್ರೊಸೆಸರ್ ಮೇಲೆ ಶಾಖ ಸಾಗಿಸೋಕೆ ಹಚ್ಚಿರೋ ಪೇಸ್ಟ್ ಒಣಗಿ ಸುಣ್ಣವಾಗಿದ್ದರೆ ಹೊಸದು ಹಚ್ಚಿ. ಆನ್ ಮಾಡಿದಾಗೆಲ್ಲಾ ಎಫ್1 ಒತ್ತು ಅಂತ ಕೇಳಿ, ತಾರೀಖು ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಸತ್ತಿದೆ, ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ.

ಮಾಳಿಗೆ ಮೇಲಿನ ಟಿವಿಗೆ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಒಂದು ದಾರಿ. 2012ರ ಮೊದಲ ಮಾಡೆಲ್‌ಗೆ ಹಳದಿ ಬಾಯಿ ನೇರವಾಗೇ ಇತ್ತು, ಆಮೇಲಿನ ಕೆಲವು ಮಾಡೆಲ್‌ಗಳಲ್ಲಿ ಅದು ಇಯರ್‌ಫೋನ್ ತೂತಿನೊಳಗೆ ಸೇರಿಕೊಂಡಿತು. ಕಾನ್ಫಿಗ್‌ನಲ್ಲಿ ಪಾಲ್ ಅಂತ ಬರೆಯಬೇಕು. ಆದರೆ ವೈಸ್ ಸಿಟಿಗೆ ಪಿ4ನೇ ಇರಲಿ.

ಸಿಂಧನೂರಿನವ

ಡಾಸ್‌ಬಾಕ್ಸ್‌ನಲ್ಲಿ ಡೇವ್ ಬಂದ! ಎಫ್1 ಕೇಳುತ್ತಿತ್ತು, ಸೆಲ್ ನಾಳೆ ತರುತ್ತೇನೆ. ಕೊನೇದು, ಟಿವಿಯಲ್ಲಿ ಸೌಂಡ್ ಬರುತ್ತಿಲ್ಲ. ಕಂಪ್ಯೂಟರ್ ಸ್ಪೀಕರ್‌ನಲ್ಲಿ ಒಂದೇ ಕಡೆ ಬರುತ್ತದೆ, ಅದೂ ಗರ್ ಗರ್ ಅಂತ.

ತೀನ್_ಕಂದೀಲ್

ವಿಜಿಎಯಲ್ಲಿ ಸೌಂಡ್ ಹೋಗಲ್ಲ, ಚಿತ್ರ ಮಾತ್ರ. ಸಿಪಿಯು ಹಿಂದಿನ ಹಸಿರು ತೂತಿಂದ ಟಿವಿಯ "ಪಿಸಿ ಆಡಿಯೋ ಇನ್" ಅನ್ನೋ ತೂತಿಗೆ ಎರಡೂ ಕಡೆ ಇಯರ್‌ಫೋನ್ ಪಿನ್ ಇರೋ ಕೇಬಲ್ ಹಾಕಿ. ಮೊಬೈಲ್ ಅಂಗಡಿಯಲ್ಲಿ ಆಕ್ಸ್ ಕೇಬಲ್ ಅಂತ ಕೇಳಿದರೆ ಕೊಡುತ್ತಾರೆ. ಟಿವಿಯಲ್ಲಿ ಹೆಡ್‌ಫೋನ್ ತೂತು ಬೇರೆ ಇರುತ್ತದೆ, ಅದಕ್ಕೆ ಹಾಕಿದರೆ ಬರಲ್ಲ.