ಮುಟ್ಟು ಬಾರದಂತೆ ಗರ್ಭನಿರೋಧಕ ಮಾತ್ರೆಯನ್ನು ಬಿಡುವಿಲ್ಲದೆ ಸೇವಿಸಬಹುದೇ?

ಪ್ರಶ್ನೆ:
ಮುಟ್ಟಿನ ಮೊದಲೆರಡು ದಿನ ಹಾಸಿಗೆಯಿಂದ ಏಳಲಾಗದಷ್ಟು ಹೊಟ್ಟೆನೋವು ಬರುವುದರಿಂದ ವೈದ್ಯರು ನನಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದಾರೆ. 28 ಮಾತ್ರೆಗಳ ಪಟ್ಟಿಯಲ್ಲಿ ಬೇರೆ ಬಣ್ಣದ ಕೊನೆಯ 7 ಮಾತ್ರೆಗಳನ್ನು ಬಿಟ್ಟು ಮರುದಿನವೇ ಹೊಸ ಪಟ್ಟಿ ಆರಂಭಿಸಬಹುದು ಎಂದು ಈಗ ಹೇಳುತ್ತಿದ್ದಾರೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುವುದಿಲ್ಲವೇ?

ಉತ್ತರ 1:
ಇಲ್ಲ. ಮಾತ್ರೆಯಲ್ಲಿರುವ ಹಾರ್ಮೋನುಗಳು ಗರ್ಭಕೋಶದ ಒಳಪದರವನ್ನು ತೆಳುವಾಗಿಯೇ ಇರಿಸುವುದರಿಂದ ಹೊರಹೋಗಬೇಕಾದದ್ದು ಅಲ್ಲಿ ಹೆಚ್ಚೇನೂ ಬೆಳೆದಿರುವುದಿಲ್ಲ. ಹಾರ್ಮೋನಿಲ್ಲದ ಆ ಕೊನೆಯ 7 ಮಾತ್ರೆಗಳ ದಿನಗಳಲ್ಲಿ ಕಾಣುವ ಸ್ರಾವವೂ ನಿಜವಾದ ಮುಟ್ಟಲ್ಲ. ಹಾರ್ಮೋನು ನಿಂತದ್ದರಿಂದ ಆಗುವ ಸ್ರಾವವಷ್ಟೇ. 84 ದಿನ ಹಾರ್ಮೋನು ಮಾತ್ರೆ, ಬಳಿಕ 7 ದಿನ ಬಿಡುವು ಎಂಬ ಕ್ರಮದ ಮಾತ್ರೆಗೆ ಅಮೆರಿಕದಲ್ಲಿ 2003ರಲ್ಲೇ ಅನುಮತಿ ದೊರೆತಿದೆ. ಆದರೆ ಪಟ್ಟಿಯ ಹಾರ್ಮೋನು ಮಾತ್ರೆಗಳಲ್ಲೇ ಎರಡು ಮೂರು ಬಣ್ಣಗಳಿದ್ದರೆ ಅವುಗಳ ಪ್ರಮಾಣ ಬೇರೆ ಬೇರೆಯಾಗಿರುವುದರಿಂದ, ಯಾವುದನ್ನು ಬಿಡಬೇಕೆಂದು ಕೇಳಿಯೇ ಮುಂದುವರಿಯಿರಿ.

ಉತ್ತರ 2:
ನಾನು ಒಂದೂವರೆ ವರ್ಷದಿಂದ ಹೀಗೆಯೇ ಸೇವಿಸುತ್ತಿದ್ದೇನೆ. ಮೊದಲ ಮೂರು ತಿಂಗಳು ಒಳಉಡುಪಿನ ಮೇಲೆ ಆಗಾಗ ಕಂದು ಕಲೆ ಕಾಣಿಸುತ್ತಿತ್ತು, ಅದೂ ಹೆಚ್ಚಾಗಿ ಮಾತ್ರೆ ಮರೆತ ಮರುದಿನ. (ಹಲ್ಲುಜ್ಜುವ ಬ್ರಷ್‌ನ ಪಕ್ಕದಲ್ಲಿ ಪಟ್ಟಿ ಇಟ್ಟ ಮೇಲೆ ಮರೆವು ತಪ್ಪಿತು.) ಈಗ ನೋವೂ ಇಲ್ಲ, ಸ್ರಾವವೂ ಇಲ್ಲ.

ಉತ್ತರ 3:
ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಕಣ್ಣೆದುರು ಮಿಂಚಿನ ಗೆರೆಗಳು ಕಾಣಿಸಿ ಬರುವ ಮೈಗ್ರೇನ್, ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆ, ಅಧಿಕ ರಕ್ತದೊತ್ತಡ, 35 ದಾಟಿದ ಮೇಲೂ ಧೂಮಪಾನ, ಇವುಗಳಲ್ಲಿ ಯಾವುದಿದ್ದರೂ ಈಸ್ಟ್ರೋಜೆನ್ ಎಂಬ ಹಾರ್ಮೋನು ಇರುವ ಮಾತ್ರೆ ಸಾಮಾನ್ಯವಾಗಿ ಸೂಕ್ತವಲ್ಲವಾದ್ದರಿಂದ ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ ಅಥವಾ ಹಠಾತ್ತನೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.