ಸಹಾಯ ಬೇಕು: ಕಮ್ಚಟ್ಕಾ ಫೋಟೋದಲ್ಲಿ ಬೆಜಿಮಿಯಾನಿ ಯಾವುದು?

ಎಲ್ಲರಿಗೂ ನಮಸ್ಕಾರ. ರಷ್ಯಾದ ಕಮ್ಚಟ್ಕಾದ ಹಿಮ ಹೊದ್ದ ಜ್ವಾಲಾಮುಖಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ಫೋಟೋ ಒಂದನ್ನು ಶಾಲೆಯ ಗೋಡೆಗೆ ಪ್ರಿಂಟ್ ಹಾಕಿಸುತ್ತಿದ್ದೇನೆ. ಶಿಖರಗಳ ಹೆಸರು ಬರೆಯಬೇಕು.

ಎಲ್ಲಕ್ಕಿಂತ ಎತ್ತರದ್ದು, ಹೊಗೆ ಬಿಡುತ್ತಿರುವುದು ಕ್ಲುಚೆವ್ಸ್ಕಾಯ. ಸುಮಾರು 4,750 ಮೀಟರ್. 1994ರಲ್ಲಿ ಇದು ಸ್ಫೋಟಿಸಿದಾಗ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ತೆಗೆದ ಚಿತ್ರಗಳು ಇವತ್ತಿಗೂ ಮೈ ಜುಮ್ ಅನ್ನಿಸುತ್ತವೆ! ಅದರ ದಕ್ಷಿಣಕ್ಕೆ ಕಾಮೆನ್, ಆಮೇಲೆ ಬೆಜಿಮಿಯಾನಿ. 1956ರ ಸ್ಫೋಟದಲ್ಲಿ ಬೆಜಿಮಿಯಾನಿಯ ಒಂದು ಬದಿಯೇ ಕುಸಿದಿತ್ತು. ಆದರೆ ಹಿಮದಲ್ಲಿ ಆ ಗುರುತು ಕಾಣುತ್ತಿಲ್ಲ.

ನಿಲ್ದಾಣ 51.6 ಡಿಗ್ರಿ ಅಕ್ಷಾಂಶ ದಾಟಿ ಉತ್ತರಕ್ಕೆ ಹೋಗಲ್ಲ, ಬೆಟ್ಟಗಳಿರುವುದು 56ರಲ್ಲಿ. ಹಾಗಾಗಿ ಫೋಟೋ ಓರೆಯಾಗಿಯೇ ಬರುತ್ತದೆ ಅಲ್ವಾ? ಗೂಗಲ್ ಅರ್ಥ್‌ನಲ್ಲಿ ಅದೇ ಕೋನ ತರುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ, ಫೋಟೋ ಕಾಮೆಂಟ್‌ನಲ್ಲಿ ಹಾಕಿದ್ದೇನೆ.