ಮೊಜಾವೆ ಹೆಣ್ಣಿಗೆ ಯಾವ ಗಂಡು? ಅಚ್ಚ ಬಿಳಿ ಬಾಲ್ ಪೈಥಾನ್ ಮರಿ ಬೇಕು

ಕೇಶ್ವಾಪುರ ಮಂಜು:

ನಮಸ್ಕಾರ್ರೀ ಎಲ್ಲರಿಗೂ. ಹುಬ್ಬಳ್ಳಿ ಕೇಶ್ವಾಪುರದವನು ನಾನು. ಮನೆಯಲ್ಲಿ ಒಂದು ಮೊಜಾವೆ ಹೆಣ್ಣು ಬಾಲ್ ಪೈಥಾನ್ ಇದೆ (ಬಾಲ್ ಪೈಥಾನ್ ಅಂದ್ರೆ ಸಾಕುವ ವಿದೇಶಿ ಹೆಬ್ಬಾವು, ಮೊಜಾವೆ ಅದರ ಒಂದು ಬಣ್ಣದ ಬಗೆ). ವಯಸ್ಸು ನಾಲ್ಕು ದಾಟಿದೆ, ತೂಕ 1,650 ಗ್ರಾಂ. ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಅದನ್ನು ಮೊದಲೇ ಹೇಳಿಬಿಟ್ಟೆ, ಇಲ್ಲಾಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತೀರಿ.

ಈ ಚಳಿಗಾಲದಲ್ಲಿ ಜೋಡಿ ಮಾಡಿಸಬೇಕು ಅಂತಿದ್ದೇನೆ. ಆಸೆ ಒಂದೇ, ನೀಲಿ ಕಣ್ಣಿನ ಬಿಳಿ ಮರಿ. ತಲೆ ಮೇಲೆ ಬೂದು ಬಣ್ಣ, ಬೆನ್ನ ಮೇಲೆ ಹಳದಿ ಕಲೆ ಇರಬಾರದು. ಹುಡುಕಿದಾಗ ಮೂರು ಗಂಡು ಸಿಕ್ಕಿವೆ. ಧಾರವಾಡದ ಗೆಳೆಯನ ಹತ್ತಿರ ಮೊಜಾವೆ ಗಂಡಿದೆ. ಅವನು ದುಡ್ಡೇ ಬೇಡ, ಒಂದು ಮರಿ ಕೊಟ್ಟರೆ ಸಾಕು ಅಂತಾನೆ. ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಲೆಸರ್ ಅನ್ನುವ ಇನ್ನೊಂದು ಬಣ್ಣದ ಗಂಡಿದೆ. ಅಲ್ಲೇ ಇನ್ನೊಬ್ಬರ ಹತ್ತಿರ ಬೆಳೆದ ಬಿಳಿ ಗಂಡೇ ಇದೆ. ಫೋಟೋದಲ್ಲಿ ಕಣ್ಣು ಕುಕ್ಕುವಷ್ಟು ಬಿಳಿ. ರೇಟು ಲೆಸರ್‌ನ ಎರಡು ಪಟ್ಟು. ಅದರ ತಂದೆ ತಾಯಿ ಯಾವುದು ಅಂತ ಕೇಳಿದರೆ "ಬಿಳಿ ಅಂದ್ರೆ ಬಿಳಿ ಸರ್, ಇನ್ನೇನು ಬೇಕು" ಅಂದರು.

ಬಿಳಿ ಗಂಡು ತಂದರೆ ಬಿಳಿ ಮರಿ ಜಾಸ್ತಿ ಬರುತ್ತವೆ, ಅಲ್ವಾ? ದುಡ್ಡು ಹಾಕಲೋ ಬೇಡವೋ ಹೇಳಿ.

ಅವ್ವನಿಗೆ ಇದೆಲ್ಲ ಸೇರುವುದಿಲ್ಲ. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬರುತ್ತಾಳೆ, ನನ್ನ ರೂಮಿನ ಹಾವನ್ನು ಮಾತ್ರ ಹೊಸ್ತಿಲಾಚೆ ನಿಂತೇ ನೋಡುತ್ತಾಳೆ. ಬಿಳಿ ಮರಿ ಆದರೆ ಒಳಗೆ ಬರ್ತೀನಿ ಅಂದಿದ್ದಾಳೆ.

ಬೆಟಗೇರಿ ಬಸು:

ಮಂಜಣ್ಣ, ಕಣ್ಣು ಮುಚ್ಚಿ ಬಿಳಿ ಗಂಡು ತಗೊಳ್ರೀ. ಮೊಜಾವೆಗೆ ಮೊಜಾವೆ ಹಾಕಿದರೆ ನಾಲ್ಕರಲ್ಲಿ ಒಂದು ಬಿಳಿ. ಬಿಳಿ ಗಂಡು ಹಾಕಿದರೆ ಅರ್ಧಕ್ಕರ್ಧ ಬಿಳಿ. ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ?

ಸಾಧನಕೇರಿ ಅಕ್ಕ:

ಬಸು ಹೇಳಿದ ಲೆಕ್ಕ ಸರಿ ಇದೆ. ಆದರೆ ಮಂಜು ಕೇಳಿದ್ದು ಆ ಲೆಕ್ಕ ಅಲ್ಲ. ಅವನಿಗೆ ಬೇಕಾದದ್ದು ಬಿಳಿ ಅಲ್ಲ, ಅಚ್ಚ ಬಿಳಿ. ಗಣಿತ ಕಲಿಸಿ ರಿಟೈರ್ ಆದವಳು ನಾನು, ಇಂಥದ್ದು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಉದ್ದ ಆಗುತ್ತೆ, ಓದಿಕೋ ತಮ್ಮಾ.

ಮೊಜಾವೆ, ಲೆಸರ್, ಬಟರ್, ರೂಸೋ, ಫ್ಯಾಂಟಮ್, ಮಿಸ್ಟಿಕ್, ಇವೆಲ್ಲ ಒಂದೇ ಜಾಗಕ್ಕೆ ಬಡಿದಾಡುವ ಜೀನ್‌ಗಳು. ಒಂದು ಹಾವಿನೊಳಗೆ ಆ ಜಾಗದಲ್ಲಿ ಎರಡೇ ಕುರ್ಚಿ ಇರುತ್ತವೆ. ಒಂದರಲ್ಲಿ ತಾಯಿ ಕೊಟ್ಟದ್ದು ಕೂರುತ್ತದೆ, ಇನ್ನೊಂದರಲ್ಲಿ ತಂದೆ ಕೊಟ್ಟದ್ದು. ಒಂದು ಕುರ್ಚಿಯಲ್ಲಿ ಮಾತ್ರ ಮೊಜಾವೆ ಇದ್ದರೆ ನಿನ್ನ ಹೆಣ್ಣಿನ ಹಾಗೆ ಕಂದು ಬಣ್ಣ, ಬೆನ್ನ ಮೇಲೆ ಚಿತ್ತಾರ. (ನನ್ನನ್ನು ಕೇಳಿದರೆ ಅದೇ ಚೆಂದ. ಬಿಳಿ ಹಾವು ನೋಡಿ ನೋಡಿ ಬೇಜಾರಾಗುತ್ತದೆ. ಇರಲಿ, ನಿನ್ನ ಆಸೆ ನಿನ್ನದು.) ಎರಡೂ ಕುರ್ಚಿಯಲ್ಲಿ ಈ ಗುಂಪಿನ ಜೀನ್ ಕೂತಾಗಲೇ ಬಿಳಿ. ಅದೂ ಎಂಥ ಬಿಳಿ ಅನ್ನುವುದು ಯಾವ ಎರಡು ಕೂತಿವೆ ಅನ್ನುವುದರ ಮೇಲೆ. ಎರಡು ಫ್ಯಾಂಟಮ್ ಕೂತರೆ ಬಿಳಿಯೇ ಆಗುವುದಿಲ್ಲ. ಮಿಸ್ಟಿಕ್ ಜೊತೆ ಮೊಜಾವೆ ಕೂತರೆ ನೇರಳೆ ಛಾಯೆಯ ಹಾವು. ಹಾಗಾಗಿ "ಅದೇ ಗುಂಪಿನ ಜೀನ್ ಇದೆ ಸರ್" ಅಂತ ಯಾರಾದರೂ ಮಾರಲು ಬಂದರೆ ಯಾವುದು ಅಂತ ಕೇಳು.

ಈಗ ನಿನ್ನ ಮೂರು ಗಂಡು.

ಗೆಳೆಯನ ಮೊಜಾವೆ. ನಾಲ್ಕರಲ್ಲಿ ಒಂದು ಮರಿಗೆ ಎರಡು ಮೊಜಾವೆ ಸಿಗುತ್ತವೆ. ಮೈ ಬಿಳಿ, ತಲೆ ಮೇಲೆ ಮಾತ್ರ ಬೂದು. ನೀನು ಬೇಡ ಅಂದದ್ದೇ ಇದು. ಪುಕ್ಕಟೆ ಸಿಕ್ಕರೂ ಉಪಯೋಗವಿಲ್ಲ.

ಲೆಸರ್. ನಾಲ್ಕರಲ್ಲಿ ಒಂದು ಲೆಸರ್-ಮೊಜಾವೆ ಬಿಳಿ. ಅದರ ತಲೆ ಸ್ವಚ್ಛವಾಗಿ ಬರುತ್ತದೆ. ಉಳಿದ ಮೂರು ಪಾಲಿನಲ್ಲಿ ಒಂದು ಮೊಜಾವೆ, ಒಂದು ಲೆಸರ್, ಒಂದು ಸಾದಾ.

ಇನ್ನು ಆ ಬಿಳಿ ಗಂಡು. ಅದು ಲೆಸರ್-ಮೊಜಾವೆ ಅಂತಲೇ ಇಟ್ಟುಕೋ. ನಿನ್ನ ಹೆಣ್ಣಿಗೆ ಹಾಕಿದರೆ ಅರ್ಧ ಬಿಳಿ ಬರುತ್ತವೆ, ಬಸು ಹೇಳಿದ ಹಾಗೇ. ಆದರೆ ಆ ಅರ್ಧದೊಳಗೆ ಅರ್ಧ ಎರಡು ಮೊಜಾವೆಯ ಬೂದು ತಲೆ. ಅಚ್ಚ ಬಿಳಿ ಎಷ್ಟು ಉಳಿಯಿತು? ನಾಲ್ಕರಲ್ಲಿ ಒಂದು. ಲೆಸರ್ ಗಂಡು ಕೊಡುವುದೂ ಅಷ್ಟೇ. ಎರಡು ಪಟ್ಟು ದುಡ್ಡು ಕೊಟ್ಟು ನೀನು ತರುವುದು ಬೂದು ತಲೆಯ ಮರಿಗಳನ್ನು.

ಅದೇ ಬಿಳಿ ಗಂಡಿನಲ್ಲಿ ಎರಡೂ ಲೆಸರ್ ಇದ್ದರೆ ಕಥೆ ಬೇರೆ. ಆಗ ಅರ್ಧ ಮರಿಗಳು ಲೆಸರ್-ಮೊಜಾವೆ, ಎಲ್ಲವೂ ಸ್ವಚ್ಛ. ಅಂಥದ್ದು ಸಿಕ್ಕರೆ ಎರಡು ಪಟ್ಟು ಕೊಡಬಹುದು. ಆದರೆ ಎರಡು ಲೆಸರ್ ಇರುವ ಹಾವುಗಳಲ್ಲಿ ಕಣ್ಣುಗುಡ್ಡೆ ಉಬ್ಬಿ ಹೊರಬರುವ ತೊಂದರೆ ಇದೆ. ಎರಡು ಬಟರ್ ಇದ್ದರೂ ಅದೇ. ಕಣ್ಣು ಪಕ್ಕದಿಂದಲೂ ಮೇಲಿನಿಂದಲೂ ನೋಡಬೇಕು. ಬರೀ ಬಿಳಿ ಮೈಯ ಫೋಟೋ ನೋಡಿದರೆ ಗೊತ್ತಾಗುವುದಿಲ್ಲ. ಎರಡು ರೂಸೋ ಇರುವ ಬಿಳಿಯೂ ಸ್ವಚ್ಛ ಬಣ್ಣಕ್ಕೆ ಹೆಸರಾದದ್ದೇ.

ಮಾರುವವರು ತಂದೆ ತಾಯಿ ಯಾವುದು ಅಂತ ಹೇಳಲಿಲ್ಲವಲ್ಲ, ನನಗೆ ಭಯ ಅಲ್ಲೇ. ಬಿಳಿ ಬಣ್ಣ ಕೆಳಗಿರುವುದನ್ನೆಲ್ಲ ಮುಚ್ಚಿಬಿಡುತ್ತದೆ. ಕೆಳಗೆ ಸ್ಪೈಡರ್ ಅನ್ನುವ ಚಿತ್ತಾರದ ಜೀನ್ ಇದ್ದರೂ ಮೈ ಮೇಲೆ ಕಾಣುವುದಿಲ್ಲ. ಆದರೆ ಸ್ಪೈಡರ್ ತರುವ ತಲೆ ನಡುಕ ಹಾಗೇ ಇರುತ್ತದೆ. ಹಾವು ತಲೆ ತಿರುಚುತ್ತದೆ, ಇಲಿಗೆ ಗುರಿ ಇಟ್ಟರೆ ತಪ್ಪುತ್ತದೆ. ಅದು ನಿನ್ನ ಮರಿಗಳಿಗೂ ಇಳಿಯಬಹುದು. ಆ ಗಂಡನ್ನು ನೋಡಲೇಬೇಕು ಅಂದರೆ ಅದು ಬೇಟೆ ಹಿಡಿಯುವ ವಿಡಿಯೋ ಕೇಳು. ವಿದೇಶದಲ್ಲಿ ಪೊರೆ ಕಳಿಸಿದರೆ ಜೀನ್ ಪರೀಕ್ಷೆ ಮಾಡಿಕೊಡುವ ಲ್ಯಾಬ್‌ಗಳಿವೆ. ನಮಗೆ ಸದ್ಯಕ್ಕೆ ವಂಶದ ಫೋಟೋಗಳೇ ಆಧಾರ.

ನನ್ನ ವೋಟು ಲೆಸರ್‌ಗೆ.

ಕೇಶ್ವಾಪುರ ಮಂಜು:

ಅಕ್ಕಾರೆ, ಪೆನ್ನು ಹಿಡಿದು ಬರೆದು ನೋಡಿದೆ. ನೀವು ಹೇಳಿದ್ದೇ ಬಂತು. ಇನ್ನೆರಡು ಕೇಳಲಾ? ಫೈರ್ ಅನ್ನುವ ಬಣ್ಣದ ಗಂಡು ಹಾಕಿದರೂ ಬಿಳಿ ಬರುತ್ತದೆ ಅಂತ ಒಬ್ಬರು ಹೇಳಿದರು. ಆಮೇಲೆ, ಲೆಸರ್‌ನಿಂದ ಬಂದ ಬಿಳಿ ಮರಿಗಳನ್ನೇ ಮುಂದೆ ಜೋಡಿ ಮಾಡಿದರೆ ಎಲ್ಲವೂ ಬಿಳಿ ತಾನೆ?

ಸಾಧನಕೇರಿ ಅಕ್ಕ:

ಫೈರ್ ಬೇರೆ ಜಾಗದ ಜೀನ್. ಎರಡು ಫೈರ್ ಸೇರಿದರೆ ಕಪ್ಪು ಕಣ್ಣಿನ ಬಿಳಿ ಹಾವು, ಅದರ ಮೇಲೂ ಹಳದಿ ಕಲೆ ಬರಬಹುದು. ನಿನ್ನ ಮೊಜಾವೆಗೆ ಫೈರ್ ಹಾಕಿದರೆ ಮೊದಲ ಸಲ ಒಂದೂ ಬಿಳಿ ಬರುವುದಿಲ್ಲ. ಐವರಿ ಅಂತ ಇನ್ನೊಂದಿದೆ, ಅದಕ್ಕೆ ಬೆನ್ನುದ್ದಕ್ಕೂ ಹಳದಿ ಗೆರೆ. ಅಲ್ಬಿನೋ ಅಂತೂ ಬಿಳಿಯೇ ಅಲ್ಲ, ಹಳದಿ ಹಾಗೇ ಇರುತ್ತದೆ.

ಬಿಳಿಗೆ ಬಿಳಿ ಹಾಕಿದರೆ ಎಲ್ಲ ಬಿಳಿ, ನಿಜ. ಆದರೆ ಎರಡೂ ಲೆಸರ್-ಮೊಜಾವೆ ಅಲ್ವಾ? ಕಾಲು ಭಾಗಕ್ಕೆ ಎರಡು ಮೊಜಾವೆ, ಬೂದು ತಲೆ. ಕಾಲು ಭಾಗಕ್ಕೆ ಎರಡು ಲೆಸರ್, ಕಣ್ಣಿನ ಅಪಾಯ. ನಡುವಿನ ಅರ್ಧ ಮಾತ್ರ ನಿನಗೆ ಬೇಕಾದದ್ದು. ಅದಲ್ಲದೆ ಇದು ಅಣ್ಣ ತಂಗಿಯನ್ನು ಜೋಡಿ ಮಾಡಿದ ಹಾಗೆ. ಅದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು. ನಾಲ್ಕರಲ್ಲಿ ಒಂದು ಅಂದರೆ ಪ್ರತಿ ಮೊಟ್ಟೆಗೂ ಹೊಸದಾಗಿ ಚೀಟಿ ಎತ್ತಿದ ಹಾಗೆ. ಆರು ಮೊಟ್ಟೆ ಇಟ್ಟರೂ ಒಂದೂ ಬಿಳಿ ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು 18. ಅವ್ವನಿಗೆ ಈಗಲೇ ಮಾತು ಕೊಡಬೇಡ. ಉಳಿದ ಕಂದು ಮರಿಗಳನ್ನು ಯಾರು ಸಾಕುತ್ತಾರೆ ಅಂತಲೂ ಈಗಲೇ ಯೋಚಿಸು. ಈ ಹಾವುಗಳು 20-30 ವರ್ಷ ಬದುಕುತ್ತವೆ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣು ಬಾಲ್ ಪೈಥಾನ್ ಮೊಟ್ಟೆ ಇಟ್ಟಿತ್ತು, ಅದೂ ಎಷ್ಟೋ ವರ್ಷ ಗಂಡಿನ ಮುಖ ನೋಡದೆ.

ಬೆಟಗೇರಿ ಬಸು:

ಅಕ್ಕಾರೆ, ಮೊಟ್ಟೆ ಲೆಕ್ಕದಲ್ಲಿ ಸೋತೆ. ಕಂದು ಮರಿ ಉಳಿದರೆ ಒಂದು ನನಗೆ.

ಡಾಕ್ಟ್ರು, ವಿದ್ಯಾನಗರ:

ಪಶುವೈದ್ಯನಾಗಿ ಎರಡು ಮಾತು. 1,650 ಗ್ರಾಂ ತೂಕ ಪರವಾಗಿಲ್ಲ, ಸಾಮಾನ್ಯವಾಗಿ 1,500 ದಾಟಿದ ಮೇಲೆಯೇ ಜೋಡಿ ಮಾಡುವುದು. ಮೊಟ್ಟೆ ಇಟ್ಟ ಮೇಲೆ ತುಂಬಾ ಇಳಿಯುತ್ತದೆ, ಹಾಗಾಗಿ ಚೆನ್ನಾಗಿ ತಿನ್ನುತ್ತಿದ್ದರೆ ಮಾತ್ರ ಮುಂದುವರಿಯಿರಿ. ಹೊಸ ಗಂಡನ್ನು ತಂದ ಕೂಡಲೇ ಜೊತೆಗೆ ಬಿಡಬೇಡಿ. ಕೆಲವು ತಿಂಗಳು ಬೇರೆ ರೂಮಿನಲ್ಲಿಡಿ. ಮೈಗೆ ಅಂಟುವ ಉಣ್ಣಿ, ಉಸಿರಾಟದ ಸೋಂಕು ಎರಡೂ ನೋಡಿಕೊಳ್ಳಬೇಕು.

ನಮ್ಮ ಊರಿನದೊಂದು ತೊಂದರೆ ಇದೆ. ಚಳಿಗಾಲದಲ್ಲಿ ಜೋಡಿಯಾದರೆ ಮೊಟ್ಟೆ ಬೇಸಿಗೆಗೆ ಬೀಳುತ್ತವೆ. ಮೊಟ್ಟೆಗೆ ಬೇಕಾದದ್ದು 31-32 ಡಿಗ್ರಿ, ಸುಮಾರು 55ರಿಂದ 60 ದಿನ. ಥರ್ಮೋಸ್ಟಾಟ್ ಇರುವ ಪೆಟ್ಟಿಗೆ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಹೊರಗೆ 37-38 ಇರುವಾಗ ತಾರಸಿ ಕೆಳಗಿನ ರೂಮಿನಲ್ಲಿ ಪೆಟ್ಟಿಗೆ ಇಟ್ಟರೆ ಒಳಗೆ ಬಿಸಿ ಮೀರುತ್ತದೆ, ಬೆನ್ನುಮೂಳೆ ಸೊಟ್ಟಗಿರುವ ಮರಿಗಳು ಬರಬಹುದು. ಕೆಳಗಿನ ಮನೆಯ ತಂಪಾದ ಕೋಣೆ ಹುಡುಕಿಕೊಳ್ಳಿ. ಇಟ್ಟ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ತಿರುಗಿಸಬೇಡಿ.

ಕಾನೂನು ಚಿಕ್ಕದಾಗಿ ಹೇಳುತ್ತೇನೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಎರಡನೇ ಅನುಬಂಧದ ಪ್ರಾಣಿ, ಹಾಗಾಗಿ ಅದು ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ ಬರುತ್ತದೆ. ನೋಂದಣಿ ನಿಯಮ ಬಂದದ್ದು 2024ರ ಫೆಬ್ರುವರಿಯಲ್ಲಿ. ನಿಮ್ಮ ಹೆಣ್ಣಿನದು ಆಗಿದ್ದರೆ ಸಾಲದು, ಹುಟ್ಟುವ ಮರಿಗಳದ್ದೂ ಆಗಬೇಕು. ಗಂಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದರೆ ಅದನ್ನೂ ತಿಳಿಸಬೇಕು. ಬಸು ಅವರೇ, ನಿಮ್ಮ ಕಂದು ಮರಿಗೂ ಇದೇ ನಿಯಮ. ನಮ್ಮ ಕಾಡಿನ ಹೆಬ್ಬಾವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಒಂದನೇ ಶೆಡ್ಯೂಲ್, ಮನೆಯಲ್ಲಿ ಇಡುವ ಹಾಗೇ ಇಲ್ಲ.

ಕೇಶ್ವಾಪುರ ಮಂಜು:

ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಅಕ್ಕಾರೆ. ಲೆಸರ್‌ನವರಿಗೆ ಫೋನ್ ಮಾಡಿದೆ. ಗಂಡು 800 ಗ್ರಾಂ ಇದೆಯಂತೆ, ಇಲಿ ಸರಿಯಾಗಿ ತಿನ್ನುತ್ತದಂತೆ. ನೋಂದಣಿ ಪತ್ರ ವಾಟ್ಸಾಪ್ ಮಾಡ್ತೀನಿ ಅಂದರು. ಮುಂಗಡ ಮೊದಲು ಹಾಕಿ ಅಂತಿದ್ದಾರೆ. ಬೇರೆ ಏನು ಕೇಳಲಿ?

ಸಾಧನಕೇರಿ ಅಕ್ಕ:

ಪತ್ರ ಬರುವವರೆಗೆ ಮುಂಗಡ ಬೇಡ. ಆ ಗಂಡಿನಿಂದ ಮೊದಲು ಬಿಳಿ ಮರಿ ಆಗಿದ್ದರೆ ಅವುಗಳ ಫೋಟೋ ಕೇಳು. ಮೊಟ್ಟೆಯಿಂದ ಬಂದ ದಿನದ್ದು ಬೇಡ, ಆಗ ಎಲ್ಲವೂ ಗುಲಾಬಿ ಗುಲಾಬಿ ಕಾಣುತ್ತವೆ. ಪೊರೆ ಬಿಟ್ಟ ಮೇಲಿನದ್ದು, ಸಿಕ್ಕರೆ ಒಂದು ವರ್ಷ ಆದ ಮೇಲಿನದ್ದು, ಹಗಲು ಬೆಳಕಿನಲ್ಲಿ ತೆಗೆದದ್ದು ಇರಲಿ. ಗಂಡಿನ ತಾಯಿ ತಂದೆಯ ಫೋಟೋದಲ್ಲಿ ಸ್ಪೈಡರ್ ಕಂಡರೆ ಇಲ್ಲಿ ಹಾಕು, ನೋಡಿ ಹೇಳ್ತೀನಿ.